ಕಡಲಡಿಯ ಊರು

ಉಳ್ಳೂರು ಎಂದೊಡನೆ ಕುಂದಾಪುರದ ಕಡೆಯ ನಮ್ಮ ಬಂಧುಗಳು ತಮ್ಮ ನೆರೆಯ ಉಳ್ಳೂರನ್ನು ನೆನೆಸಿಕೊಂಡು, "ಅಷ್ಟು ಹತ್ತಿರ ಇದ್ದುಕೊಂಡು ಮದುವೆಗೆ ಬರಲಿಲ್ಲವಲ್ಲ!" ಎಂದು ಆಕ್ಷೇಪಿಸುವುದುಂಟು. ನಮ್ಮ ಉಳ್ಳೂರ್ ಅದಲ್ಲ. ಇದು ತಿರುವನಂತಪುರದ ಉತ್ತರ ಭಾಗದ ಬಡಾವಣೆ. ಮೆಡಿಕಲ್ ಕಾಲೇಜಿನ ನೆರೆ. ಬಾಲಸುಬ್ರಹ್ಮಣ್ಯ ಸ್ವಾಮಿಯ ಗುಡಿ ಇರುವ ಊರು. ಮಹಾಕವಿ ಉಳ್ಳೂರ್ ಪರಮೇಶ್ವರ ಅಯ್ಯರ್ ಅವರ ಹೆಸರಿಗೆ ಅಂಟಿಕೊಂಡು ಮಲಯಾಳ ಬಲ್ಲವರಿಗೆಲ್ಲ ಪರಿಚಿತವಾದ ಹೆಸರು. ಕಾಸರಗೋಡಿನಲ್ಲಿ ಬಿ.ಎ. ಮುಗಿಸಿ, ಸರ್ಕಾರದ ಪರೀಕ್ಷೆಯೊಂದನ್ನು ಹೇಗೋ ದಾಟಿ, ರಾಜಧಾನಿಯ ಕಛೇರಿಯೊಂದರಲ್ಲಿ ಗುಮಾಸ್ತಗಿರಿಗೆ ಬಂದು ಸೇರಿದ ನಾವು ಇಲ್ಲಿ ಮನೆ ಹಿಡಿದು ಒಂಬತ್ತು ವರ್ಷವಾಯಿತು. ಮನೆಯವರಿಗೆ ಇಲ್ಲಿಯ ಮಲಯಾಳ ಈಗ ನಮಗಿಂತ ಚೆನ್ನಾಗಿ ಬರುತ್ತದೆ. ಮಗಳಿಗಂತೂ ಅದು ಬೀದಿಯ ಭಾಷೆ, ಆಟದ ಭಾಷೆ, ಜಗಳದ ಭಾಷೆ. ಕನ್ನಡ ಊಟದ ಹೊತ್ತಿಗೆ ಮಾತ್ರ.

ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ತೋಡು ಹರಿಯುತ್ತದೆ. ತೋಡು ಎಂಬ ಮಾತು ನಮ್ಮ ಕಡೆಯಲ್ಲೂ ಇರುವುದರಿಂದ ಬಂದ ದಿನವೇ ಅದು ನೆಂಟನಂತೆ ಕಂಡಿತು. ಹತ್ತಿರ ಹೋದ ಮೇಲೆ ಮೂಗು ಮುಚ್ಚಿಕೊಂಡೆವು, ಆ ಮಾತು ಬೇರೆ. ಈ ಉಳ್ಳೂರ್ ತೋಡು ನಗರದ ಕೊಳೆಯನ್ನೆಲ್ಲ ಹೊತ್ತು ಆಕ್ಕುಳಂ ಕೆರೆಗೆ ಬೀಳುತ್ತದೆ. ಆಕ್ಕುಳಂ ವೇಳಿಯ ಹಿನ್ನೀರಿಗೆ ಕೂಡುತ್ತದೆ. ವೇಳಿಯಲ್ಲಿ ಅಡ್ಡಲಾಗಿ ಮರಳಿನ ದಿಬ್ಬವುಂಟು. ಮಳೆಗಾಲದಲ್ಲಿ ಅದು ಒಡೆದಾಗ ಎಲ್ಲವೂ ಒಮ್ಮೆಲೆ ಕಡಲಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಏನಾಗುತ್ತದೆಂದು ನಾವು ಎಂದೂ ಕೇಳಿದವರಲ್ಲ. ಕಡಲೆಂದರೆ ಶಂಖುಮುಖದಲ್ಲಿ ಭಾನುವಾರ ಸಂಜೆ ಕಡಲೆಕಾಯಿ ತಿನ್ನುತ್ತಾ ನೋಡುವ ವಸ್ತು ಎಂದಷ್ಟೇ ತಿಳಿದಿದ್ದೆವು.

ಕೇಳುವಂತೆ ಮಾಡಿದವರು ನಮಗೆ ಮೀನು ತರುವ ಚೇಚ್ಚಿ. ಅವರು ವಲಿಯತುರದ ಕಡೆಯವರು. ತಲೆಯ ಮೇಲೆ ಅಲ್ಯುಮಿನಿಯಂ ಬೋಗುಣಿ ಹೊತ್ತು ವಾರಕ್ಕೆ ಮೂರು ದಿನ ನಮ್ಮ ಬೀದಿಗೆ ಬರುತ್ತಾರೆ. ನಾವು ಬೂತಾಯಿ ಎಂದರೆ ಅವರು ಚಾಳ ಎನ್ನುತ್ತಾರೆ, ನಾವು ಬಂಗುಡೆ ಎಂದರೆ ಅಯಲ ಎನ್ನುತ್ತಾರೆ. ಬೆಲೆ ಹೇಳುವಾಗ ಮಾತ್ರ ಭಾಷೆಯ ತೊಡಕಿಲ್ಲ. ಅವರ ಮಗ ಗಾಳ ಹಾಕುವವನು. ತಿರುವನಂತಪುರದ ಕಡಲಿನಡಿಯಲ್ಲಿ ಅಲ್ಲಲ್ಲಿ ಬಂಡೆಗಳ ಸಾಲುಗಳಿವೆ. ಇಲ್ಲಿಯ ಬೆಸ್ತರು ಅವನ್ನು 'ಪಾರ್' ಎಂದು ಕರೆಯುತ್ತಾರೆ. ಒಂದೊಂದು ಪಾರಿಗೂ ಹೆಸರುಂಟು. ದಡದ ಮರ, ಗೋಪುರ, ಗುಡ್ಡಗಳನ್ನು ನೇರ ಹಿಡಿದು ಅದರ ಜಾಗ ಗುರುತಿಸುವ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತದೆ. ಈ ಊರಿನ ರಾಬರ್ಟ್ ಪನಿಪಿಳ್ಳ ಎಂಬವರು ತಮ್ಮ ಬಳಗದವರೊಡನೆ ನೀರಿಗಿಳಿದು ಈ ಪಾರುಗಳ ಚಿತ್ರ ತೆಗೆದು ಜನರಿಗೆ ತೋರಿಸಿದ್ದಾರೆ. ಸ್ಪಂಜು, ಹವಳ, ಕಡಲಬೀಸಣಿಗೆ, ಅವುಗಳ ನಡುವೆ ಬಣ್ಣಬಣ್ಣದ ಮೀನು: ನಮ್ಮ ಬೀದಿಯ ತುದಿಯಿಂದ ಇಷ್ಟು ಹತ್ತಿರ ಇಂತಹ ಊರೊಂದಿದೆಯೆ ಎಂದು ಬೆರಗಾಗುತ್ತದೆ.

2024ರ ಏಪ್ರಿಲಿನಲ್ಲಿ ಒಂದು ದಿನ ಚೇಚ್ಚಿಯ ಬೋಗುಣಿ ಅರ್ಧ ಖಾಲಿ. "ಪಾರು ಮಾತಾಡುತ್ತಿಲ್ಲ ಸಾರ್. ಗಾಳ ಬಿಟ್ಟಂತೆಯೇ ಮೇಲೆ ಬರುತ್ತದೆ. ನೀವು ಸರ್ಕಾರದವರು, ಕಡಲಿನ ಅಡಿಯಲ್ಲಿ ಏನಾಗಿದೆ ಎಂದು ನಿಮ್ಮ ಆಫೀಸಿನಲ್ಲಿ ಗೊತ್ತಿರಬೇಕಲ್ಲ?" ಎಂದರು. ನಮ್ಮ ಕಛೇರಿಯಲ್ಲಿ ಗೊತ್ತಿರುವುದು ಪಿಂಚಣಿಯ ಲೆಕ್ಕ. ಅದನ್ನು ಹೇಳಿದರೆ ಅವರಿಗೆ ಅರ್ಥವಾಗುತ್ತಿತ್ತು. ಆದರೆ ಹೇಳಲು ನಾಚಿಕೆಯಾಯಿತು. "ವಿಚಾರಿಸುತ್ತೇವೆ ಚೇಚ್ಚಿ" ಎಂದುಬಿಟ್ಟೆವು. ಗುಮಾಸ್ತೆಯ ಬಾಯಿಗೆ ಅಭ್ಯಾಸವಾಗಿರುವ ಮಾತು ಅದು. ಅವರು ಅದನ್ನು ನಿಜವೆಂದು ನಂಬಿದರು. ಪ್ರತಿ ಸಲ ಬಂದಾಗಲೂ, "ವಿಚಾರಿಸಿದಿರಾ?" ಎಂದು ಕೇಳತೊಡಗಿದರು.

ವಿಚಾರಿಸಲು ನಮಗೆ ಇದ್ದ ಒಂದೇ ದಾರಿ ಕೊಚ್ಚಿಯ ಅಜ್ಜ. ಅಜ್ಜ ಎಂದರೆ ಮಗಳ ಲೆಕ್ಕದಲ್ಲಿ ಅಜ್ಜ. ನಮ್ಮ ಮಂಜೇಶ್ವರದ ಕಡೆಯ ಹಿರಿಯರು. ಕಡಲ ಸಂಶೋಧನೆಯ ಕಛೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾಗಿ, ಮಟ್ಟಾಂಚೇರಿಯಲ್ಲಿ ನೆಲೆಸಿದ್ದಾರೆ. ವಿಜ್ಞಾನಿಗಳ ಬಿಲ್ಲುಗಳನ್ನು ಮೂವತ್ತು ವರ್ಷ ಪರಿಶೀಲಿಸಿದವರು. ಬಿಲ್ಲು ಏಕೆಂದು ಕೇಳಿ ಕೇಳಿಯೇ ಅರ್ಧ ವಿಜ್ಞಾನಿಯಾದವರು. ಶಾಲೆಗೆ ಬೇಸಗೆ ರಜ ಇತ್ತು. ಮೇ 24, ಶುಕ್ರವಾರ ಒಂದು ದಿನದ ರಜ ಬರೆದುಕೊಟ್ಟು ಮೂವರೂ ಬೆಳಗಿನ ಜನಶತಾಬ್ದಿ ಹತ್ತಿದೆವು.

ಆ ವಾರ ಕೇರಳದಲ್ಲೆಲ್ಲ ಮಳೆ. ಮುಂಗಾರಿಗೆ ಮುಂಚೆಯೇ ಮುಂಗಾರು. ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಮನೆಯವರು ಕಟ್ಟಿಕೊಂಡಿದ್ದ ಇಡ್ಲಿ, ಚಟ್ನಿಪುಡಿ ವರ್ಕಲೆಯ ಹೊತ್ತಿಗೇ ಮುಗಿಯಿತು. ಕೊಲ್ಲಂ ದಾಟುವಾಗ ಎಡಗಡೆಗೆ, ರೈಲಿಗೆ ಕಾಣಿಸದಷ್ಟು ದೂರದಲ್ಲಿ, ನೀಂಡಕರ ಇದೆ. 1952ರ ಒಪ್ಪಂದದಂತೆ ನಾರ್ವೆ ದೇಶದವರು ಬಂದು ಯಂತ್ರದ ದೋಣಿಗಳನ್ನೂ ಹೊಸ ಬಲೆಗಳನ್ನೂ ಕಲಿಸಿಕೊಟ್ಟದ್ದು ಆ ತೀರದಲ್ಲಿ. ಉತ್ತರ ಧ್ರುವದ ನೆರೆಯವರು ಬಂದು ನಮ್ಮ ಬೆಚ್ಚನೆಯ ಕಡಲಿನ ಸಿಗಡಿಯ ಬೆಲೆ ತೋರಿಸಿದರು. ಮುಂದಿನ ಕೆಲವೇ ದಶಕಗಳಲ್ಲಿ ತಳವನ್ನು ಉಜ್ಜಿ ಎಳೆಯುವ ಟ್ರಾಲ್ ಬಲೆ ಈ ತೀರದಲ್ಲೆಲ್ಲ, ನಮ್ಮ ಮಂಗಳೂರು ಮಲ್ಪೆಗಳವರೆಗೂ, ಹಬ್ಬಿತು.

ಅಂಬಲಪ್ಪುಳ ಬಂದಾಗ ಎದುರಿನ ಆಸನದ ಮುದುಕರೊಬ್ಬರು ತಾವಾಗಿಯೇ 'ಚಾಕರ'ದ ವಿಷಯ ತೆಗೆದರು. ಮಳೆಗಾಲದಲ್ಲಿ ಕಡಲೆಲ್ಲ ಭೋರ್ಗರೆಯುತ್ತಿದ್ದರೂ ಪುರಕ್ಕಾಡು, ಆಲಪ್ಪುಳದ ಎದುರಿನ ಕೆಲವು ಕಡೆ ನೀರು ಕೆರೆಯಂತೆ ಶಾಂತವಾಗಿರುತ್ತದೆ. ತಳದ ನುಣುಪು ಕೆಸರು ಎದ್ದು ನೀರಿನಲ್ಲಿ ಬೆರೆತು ಅಲೆಯ ಶಕ್ತಿಯನ್ನು ಹೀರಿಬಿಡುತ್ತದೆ. ಮೀನು ಅಲ್ಲಿ ಸೇರುತ್ತದೆ, ದೋಣಿಗಳೂ ಸೇರುತ್ತವೆ. ಕಡಲಿನ ನೆಲವೇ ಎದ್ದು ನಿಂತು ಬಡವರಿಗೆ ಅನ್ನ ಹಾಕುವ ಈ ವಿಚಿತ್ರವನ್ನು ಮುದುಕರು ಹೇಳಿದ ರೀತಿಗೆ ಮಗಳು ತಿನ್ನುವ ಬಿಸ್ಕತ್ತನ್ನೂ ಮರೆತಳು. ಕಡಲಿನ ತಳ ಕದಡುವುದೆಂದರೆ ಕೇಡೇ ಎಂದು ತಿಳಿಯಬಾರದು ಎಂದು ನಾವು ಅಲ್ಲಿ ಮೊದಲು ಗುರುತು ಹಾಕಿಕೊಂಡೆವು.

ಎರ್ನಾಕುಳದಲ್ಲಿ ಇಳಿದು ಹೈಕೋರ್ಟಿನ ಕಟ್ಟೆಯಿಂದ ಜಲಮೆಟ್ರೋ ಹತ್ತಿದೆವು. ಫೋರ್ಟ್ ಕೊಚ್ಚಿಗೆ ಆ ದೋಣಿ ಶುರುವಾಗಿ ಒಂದು ತಿಂಗಳಾಗಿತ್ತಷ್ಟೆ. ತಲೆಗೆ 40 ರೂಪಾಯಿ. ಬೋಳ್ಗಾಟ್ಟಿ ದ್ವೀಪದ ಬಳಿ ಕಾವಲು ಜೋರಾಗಿತ್ತು. ಯಾರೋ ಮಂತ್ರಿಗಳೆಂದು ನಾವು ತಿಳಿದರೆ, ಪಕ್ಕದ ತರುಣ, "ಅಂಟಾರ್ಟಿಕದ ಸಭೆ ನಡೆಯುತ್ತಿದೆ" ಎಂದ. ನಿಜವೇ. 1959ರಲ್ಲಿ ಹನ್ನೆರಡು ದೇಶಗಳು ಸಹಿ ಹಾಕಿದ ಅಂಟಾರ್ಟಿಕ ಒಪ್ಪಂದಕ್ಕೆ ಈಗ ಐವತ್ತಕ್ಕೂ ಹೆಚ್ಚು ದೇಶಗಳು ಸೇರಿವೆ; ಅವುಗಳ 46ನೆಯ ಸಮಾಲೋಚನಾ ಸಭೆ ಮೇ 20ರಿಂದ 30ರವರೆಗೆ ಕೊಚ್ಚಿಯಲ್ಲಿ ಕೂಡಿತ್ತು. "ಪೆಂಗ್ವಿನ್‌ಗಳೂ ಬಂದಿವೆಯೆ?" ಎಂದು ಮಗಳು ಕೇಳಿದಳು. ದೋಣಿಯವರೆಲ್ಲ ನಕ್ಕರು. ನಮಗೆ ಮಾತ್ರ ಅವಳ ಪ್ರಶ್ನೆ ತೀರಾ ದಡ್ಡದೆನಿಸಲಿಲ್ಲ. ಆ ಸೆಕೆಯಲ್ಲಿ ಹಿಮಖಂಡದ ಯಜಮಾನರೆಲ್ಲ ಕೊಚ್ಚಿಗೇ ಏಕೆ ಬಂದರೆಂದು ನಮಗೂ ಹೊಳೆದಿರಲಿಲ್ಲ.

ಬಲಗಡೆ ವಲ್ಲಾರ್‌ಪಾಡದ ದೊಡ್ಡ ಕ್ರೇನುಗಳು. ದೂರದಲ್ಲಿ ಹೂಳೆತ್ತುವ ಹಡಗೊಂದು. ಈ ಬಂದರೇ ಹೂಳೆತ್ತಿ ಮಾಡಿದ ಬಂದರು. 1920ರಲ್ಲಿ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಮರಳದಿಬ್ಬವನ್ನು ಕಡಿದು ದಾರಿ ಮಾಡಿ, 1928ರಲ್ಲಿ 'ಪದ್ಮಾ' ಎಂಬ ಹಡಗನ್ನು ಒಳಬಂದರಿಗೆ ಬರಮಾಡಿಕೊಂಡರು. ಎತ್ತಿದ ಮಣ್ಣಿನಿಂದ ವಿಲಿಂಗ್ಡನ್ ದ್ವೀಪವನ್ನೇ ಕಟ್ಟಿದರು. ಆ ದಾರಿಗೆ ಈಗಲೂ ಹೂಳು ತುಂಬುತ್ತಲೇ ಇರುತ್ತದೆ, ಎತ್ತುತ್ತಲೇ ಇರಬೇಕು. ಅಂತಹ ನೆಲದಲ್ಲಿ ನೆಲೆಸುವವರು ಯಾರು? ಬೇಗ ಹುಟ್ಟಿ, ಬೇಗ ಮರಿಹಾಕಿ, ಬೇಗ ಸಾಯುವ ಸಣ್ಣ ಹುಳುಗಳು. ಬಾಡಿಗೆ ಮನೆಯವರಂತೆ, ಎಂದುಕೊಂಡೆವು, ನಮ್ಮನ್ನು ನಾವೇ ನೆನೆದು.

ಅಜ್ಜ ಕೊಡೆ ಹಿಡಿದು ಕಟ್ಟೆಗೇ ಬಂದಿದ್ದರು. ರಾತ್ರಿ ಊಟವಾದ ಮೇಲೆ ಮಗಳ ಪೆಂಗ್ವಿನ್ ಪ್ರಶ್ನೆಯನ್ನು ಅವರ ಮುಂದಿಟ್ಟೆವು.

"ಕೊಚ್ಚಿಗೂ ಅಂಟಾರ್ಟಿಕಕ್ಕೂ ನಂಟು ಹಳೆಯದು ಮಾರಾಯರೆ" ಎಂದರು ಅಜ್ಜ. "ಕಾಸಿಂ ಅವರ ಹೆಸರು ಕೇಳಿದ್ದೀರಲ್ಲ?"

ಕೇಳಿರಲಿಲ್ಲ. ಡಾಕ್ಟರ್ ಎಸ್.ಜೆಡ್. ಕಾಸಿಂ ಅವರು ಕಡಲ ಜೀವಶಾಸ್ತ್ರದವರು; ಈ ಕೊಚ್ಚಿಯ ಹಿನ್ನೀರಿನ ಉತ್ಪತ್ತಿಯನ್ನು ಅಳೆದವರು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮುಖ್ಯ ಕಛೇರಿ 1971ರಲ್ಲಿ ಕೊಚ್ಚಿಗೆ ಬಂದಾಗ ಅದರ ನಿರ್ದೇಶಕರಾಗಿದ್ದವರು ಅವರೇ. 1981ರ ಡಿಸೆಂಬರ್ 6ರಂದು ಗೋವೆಯಿಂದ 'ಪೋಲಾರ್ ಸರ್ಕಲ್' ಹಡಗಿನಲ್ಲಿ 21 ಜನರ ತಂಡದೊಡನೆ ಹೊರಟು, 1982ರ ಜನವರಿ 9ರಂದು ಭಾರತದ ಪರವಾಗಿ ಅಂಟಾರ್ಟಿಕದ ನೆಲ ಮುಟ್ಟಿದ ಮೊದಲ ತಂಡದ ಮುಖಂಡರೂ ಅವರೇ. ಮುಂದೆ 1995-96ರಲ್ಲಿ 'ಸಾಗರ ಸಂಪದ' ಹಡಗು ಕ್ರಿಲ್ ಎಂಬ ಸಿಗಡಿಯಂತಹ ಜೀವಿಯನ್ನು ಹುಡುಕಿ ದಕ್ಷಿಣದ ಹಿಮಸಾಗರಕ್ಕೆ ಹೋಗಿತ್ತು. ಆ ಹಡಗನ್ನು ನಡೆಸುವ ಸಮುದ್ರ ಜೀವಸಂಪತ್ತಿನ ಕೇಂದ್ರ ಇರುವುದೂ ಕೊಚ್ಚಿಯಲ್ಲಿಯೇ. ಅಜ್ಜ ಇದನ್ನೆಲ್ಲ ಹಳೆಯ ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಪುಸ್ತಕ ತೆಗೆದು, ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದರು. ಲೆಕ್ಕಪತ್ರದವರ ಅಭ್ಯಾಸ.

ನಮ್ಮ ಚೇಚ್ಚಿಯ ಪ್ರಶ್ನೆ ಹೇಳಿದಾಗ ಮಾತ್ರ ಅವರು ಪುಸ್ತಕ ಮುಚ್ಚಿದರು. "ನಾಳೆ ಬೆಳಿಗ್ಗೆ ದಕ್ಕೆಗೆ ಹೋಗುವ" ಎಂದರು.

ತೋಪ್ಪುಂಪಡಿಯ ಮೀನುಗಾರಿಕಾ ದಕ್ಕೆ ಬೆಳಗಿನ ಹೊತ್ತಿಗೆ ಜಾತ್ರೆಯ ಬಯಲು. ಹವಾಮಾನದ ಎಚ್ಚರಿಕೆಗೆ ಬೇಗ ಮರಳಿದ ಟ್ರಾಲ್ ಬೋಟುಗಳು ಸಾಲಾಗಿ ನಿಂತಿದ್ದವು. ಸಿಗಡಿ ಒಂದು ಕಡೆ, ಕಿಳಿಮೀನು ಒಂದು ಕಡೆ, ಬೊಂಡಾಸ್ ಒಂದು ಕಡೆ, ಕೂಗಿ ಕೂಗಿ ಹರಾಜು. ಅಜ್ಜ ನಮ್ಮನ್ನು ಅದನ್ನೆಲ್ಲ ದಾಟಿಸಿ ಹಿಂದಿನ ಮೂಲೆಗೆ ಕರೆದೊಯ್ದರು. ಅಲ್ಲಿ ಯಾರೂ ಹರಾಜು ಕೂಗದ ರಾಶಿಯೊಂದಿತ್ತು. ಬೆರಳುದ್ದದ ಮರಿಮೀನು, ಒಡೆದ ಶಂಖ, ಕಾಲುಮುರಿದ ಏಡಿ, ಕಡಲಸೌತೆ, ಸ್ಪಂಜಿನ ಚೂರು, ಕೆಸರು. ಮೀನು ಹಿಟ್ಟಿನ ಕಾರ್ಖಾನೆಗೆ ಹೋಗುವ ಮಾಲು; ನಮ್ಮ ಮಂಗಳೂರಿನ ಕಡೆಗೂ ಲಾರಿಯಲ್ಲಿ ಹೋಗುತ್ತದಂತೆ.

"ಕಡಲಿನ ಅಡಿ ನೋಡಬೇಕೆಂದಿರಲ್ಲ, ಇದೇ" ಎಂದರು ಅಜ್ಜ.

ಟ್ರಾಲ್ ಬಲೆಯ ಬಾಯಿಯನ್ನು ಎರಡು ಭಾರದ ಹಲಗೆಗಳು ಅಗಲಿಸಿ ಹಿಡಿಯುತ್ತವೆ. ಕೆಳಗಿನ ಹಗ್ಗ ನೆಲವನ್ನು ಸವರುತ್ತಾ ಹೋಗುತ್ತದೆ. ಹಗ್ಗದ ದಾರಿಯಲ್ಲಿ ಯಾರಿದ್ದಾರೆಂದು ಹಗ್ಗ ಕೇಳುವುದಿಲ್ಲ. ಮಗಳು ರಾಶಿಯ ಅಂಚಿನಲ್ಲಿ ಕುಳಿತು ಏನನ್ನೋ ಎತ್ತಿದಳು. ಗುಂಡಿಯಷ್ಟು ಮೈ, ಹಾವಿನ ಮರಿಗಳಂತಹ ಐದು ಕೈ. ಎರಡು ಕೈ ಅರ್ಧಕ್ಕೆ ಮುರಿದಿತ್ತು. ನಕ್ಷತ್ರಮೀನಿನ ಒಡಹುಟ್ಟು. ಇನ್ನೂ ನಿಧಾನವಾಗಿ ಹೊರಳುತ್ತಿತ್ತು. "ಇದಕ್ಕೆ ಎಷ್ಟು ದುಡ್ಡು?" ಎಂದು ಮಲಯಾಳದಲ್ಲಿ ಕೇಳಿದಳು. ರಾಶಿ ತುಂಬುತ್ತಿದ್ದ ಆಳು ನಕ್ಕು, "ಅದಕ್ಕೆ ಬೆಲೆಯಿಲ್ಲ ಮೋಳೆ, ತೆಗೆದುಕೋ" ಎಂದ. ಅವಳು ಓಡಿಹೋಗಿ ದಕ್ಕೆಯ ಅಂಚಿನಿಂದ ಅದನ್ನು ನೀರಿಗೆ ಬಿಟ್ಟಳು. ಎಣ್ಣೆ ತೇಲುವ ಆ ನೀರಿನಲ್ಲಿ ಅದು ಬದುಕಿತೆ ಎಂಬುದು ಬೇರೆ ಪ್ರಶ್ನೆ. ಮನೆಯವರು ಸೆರಗಿನಿಂದ ಅವಳ ಕೈ ಒರಸಿದರು, ಬೈಯಲಿಲ್ಲ.

"ಕೈ ಮತ್ತೆ ಬೆಳೆಯುತ್ತದೆ ಪುಟ್ಟಿ" ಎಂದು ಅಜ್ಜ ಸಮಾಧಾನ ಹೇಳಿದರು. "ಇಲ್ಲಿಯ ನೀರು ಬೆಚ್ಚಗೆ. ಕೆಲವು ದಿನ, ವಾರಗಳಲ್ಲಿ ಚಿಗುರುತ್ತದೆ. ಆ ಹಿಮದ ಕಡಲಿನಲ್ಲಿ ಇದರ ದಾಯಾದಿ ಇದೆ. ಅದರ ಕೈ ಮುರಿದರೆ ಚಿಗುರಲಿಕ್ಕೆ ಶುರುವಾಗುವುದಕ್ಕೇ ಸುಮಾರು ಐದು ತಿಂಗಳು."

ಐದು ತಿಂಗಳು! ಅಂಟಾರ್ಟಿಕದ ತಳದ ನೀರು ಸೊನ್ನೆಗಿಂತ ಕೆಳಗೆ ಹೆಚ್ಚು ಕಡಿಮೆ ಎರಡು ಡಿಗ್ರಿಯವರೆಗೆ ತಣ್ಣಗಿರುತ್ತದೆ; ಉಪ್ಪಿನ ದೆಸೆಯಿಂದ ಹೆಪ್ಪುಗಟ್ಟದೆ ಉಳಿದ ನೀರು. ಅಲ್ಲಿ ಎಲ್ಲವೂ ನಿಧಾನ. ಆಳೆತ್ತರದ ಗಾಜಿನ ಸ್ಪಂಜುಗಳಿವೆ. ಅವುಗಳ ವಯಸ್ಸನ್ನು ನೂರಾರು ವರ್ಷವೆಂದು ಅಂದಾಜು ಮಾಡುತ್ತಾರೆ. ಒಂದರ ಮೇಲೊಂದು ಆತುಕೊಂಡು ಸ್ಪಂಜು, ಹವಳ, ಗರಿನಕ್ಷತ್ರ, ಅಂಗೈಯಗಲದ ಕಡಲಜೇಡ. ಮೇಲೆ ಬರಿ ಬಿಳಿಯ ಮರುಭೂಮಿ, ಕೆಳಗೆ ಕಿಕ್ಕಿರಿದ ಪೇಟೆ.

ಅಲ್ಲಿಯೂ ನೆಲ ಉಜ್ಜುವವರಿದ್ದಾರೆ. ಹಿಮಬಂಡೆಗಳು. ಒಂದು ಹಿಮಬಂಡೆಯ ಹತ್ತರಲ್ಲಿ ಒಂಬತ್ತು ಪಾಲು ನೀರಿನಡಿಯಲ್ಲಿರುತ್ತದೆ. ಅದು ತೇಲುತ್ತಾ ಬಂದು ತಳಕ್ಕೆ ತಾಗಿದರೆ ನೇಗಿಲಿನಂತೆ ಉಳುತ್ತದೆ, ಕೆಲವೊಮ್ಮೆ ನೂರಾರು ಮೀಟರ್ ಆಳದಲ್ಲಿ ಕೂಡ. ಹೋದ ದಾರಿಯಲ್ಲಿ ಹೆಚ್ಚಿನ ಜೀವಿಗಳು ಉಳಿಯುವುದಿಲ್ಲ.

ಇಲ್ಲಿ ನಾವು ವಾದಕ್ಕೆ ನಿಂತೆವು. ಮಧ್ಯಾಹ್ನ ಊಟಕ್ಕೆ ಕುಳಿತಾಗ, ಎಲೆಯಲ್ಲಿ ಅದೇ ದಕ್ಕೆಯ ಕಿಳಿಮೀನಿನ ಸಾರು ಇರುವಾಗಲೇ, "ಪ್ರಕೃತಿಯೇ ನೆಲ ಉಳುವುದಾದರೆ ನಮ್ಮ ಬಲೆಯದೇನು ತಪ್ಪು? ಚಾಕರದಲ್ಲಿ ಕೆಸರು ಎದ್ದರೆ ಒಳ್ಳೆಯದೇ ಆಗುತ್ತದಲ್ಲ?" ಎಂದು ಕೇಳಿದೆವು. ಅಜ್ಜ ಬೇಕೆಂದೇ ನಿಧಾನವಾಗಿ ಮುಳ್ಳು ಬಿಡಿಸಿದರು.

"ನಿಮ್ಮ ಕಛೇರಿಯಲ್ಲಿ ದಾಖಲೆಯ ಕೋಣೆ ಉಂಟಲ್ಲ?"

ಉಂಟು.

"ಹತ್ತು ವರ್ಷಕ್ಕೊಮ್ಮೆ ಒಂದು ಕಪಾಟು ಬಿದ್ದರೆ ಏನಾಗುತ್ತದೆ?"

ಅದು ನಮ್ಮ ಅನುಭವದ ಮಾತೇ. ಬಿದ್ದದ್ದನ್ನು ಮತ್ತೆ ಜೋಡಿಸುವಾಗ ಎಂದೋ ಕಳೆದುಹೋದ ಕಡತ ಸಿಗುತ್ತದೆ, ಹೊಸ ಕಡತಕ್ಕೆ ಜಾಗವಾಗುತ್ತದೆ, ಕೋಣೆಗೆ ಲಾಭವೇ. "ಹಾಗಾದರೆ ದಿನಾ ಬಿದ್ದರೆ?" ಎಂದರು. ದಿನಾ ಬಿದ್ದರೆ ಹಳೆಯ ಕಡತ ಒಂದೂ ಉಳಿಯುವುದಿಲ್ಲ. ಆ ದಿನದ ಟಪಾಲು ಮಾತ್ರ ಉಳಿಯುತ್ತದೆ. ಇದನ್ನು ಹೇಳಿ ಮುಗಿಸುವ ಮೊದಲೇ ಅಜ್ಜನ ಉತ್ತರ ನಮಗೆ ತಿಳಿದುಹೋಯಿತು, ವಾದದಲ್ಲಿ ಸೋತದ್ದೂ ತಿಳಿಯಿತು.

ಅಂಟಾರ್ಟಿಕದ ರೊಥೆರಾ ಎಂಬ ಬ್ರಿಟಿಷ್ ನೆಲೆಯ ಬಳಿ ಇದನ್ನು ಅಳೆದೇ ನೋಡಿದ್ದಾರೆ. ಡೇವಿಡ್ ಬಾರ್ನ್ಸ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕಡಲತಳದಲ್ಲಿ 5, 10, 25 ಮೀಟರ್ ಆಳಗಳಲ್ಲಿ ಕಾಂಕ್ರೀಟಿನ ಗುರುತುಗಳನ್ನಿಟ್ಟು, ಪ್ರತಿ ವರ್ಷ ಮುಳುಗಿ, ಎಷ್ಟು ಒಡೆದಿವೆ ಎಂದು ಎಣಿಸುತ್ತಾ ಬಂದರು. ಚಳಿಗಾಲದಲ್ಲಿ ಕಡಲಿನ ಮೇಲ್ಮೈ ಹೆಪ್ಪುಗಟ್ಟಿದಾಗ ಹಿಮಬಂಡೆಗಳು ಅದರಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ, ಕಟ್ಟಿಹಾಕಿದ ಕೋಣಗಳಂತೆ. ಕಾವು ಹೆಚ್ಚಿ ಹೆಪ್ಪಿನ ದಿನಗಳು ಕಡಿಮೆಯಾದಂತೆ ಹಗ್ಗ ಕಳಚುತ್ತದೆ. ಹೆಪ್ಪು ಕಡಿಮೆಯಾದ ವರ್ಷಗಳಲ್ಲಿ ಪೆಟ್ಟು ಹೆಚ್ಚು. ಕಲ್ಲಿಗೆ ಹಾವಸೆಯಂತೆ ಹಬ್ಬುವ ಬ್ರಯೋಜೋವ ಎಂಬ ಸಣ್ಣ ಪ್ರಾಣಿಗಳು ವಯಸ್ಸು ತುಂಬುವ ಮೊದಲೇ ಸಾಯತೊಡಗಿದವು. ಒಂದು ಕಾಲಕ್ಕೆ ಜಾಗಕ್ಕಾಗಿ ಹಲವು ಜಾತಿಗಳು ಹೊಡೆದಾಡುತ್ತಿದ್ದ ಕಲ್ಲುಗಳ ಮೇಲೆ, ಬೇಗ ಹಬ್ಬುವ ಒಂದೇ ಜಾತಿ ಮೇಲಾಯಿತು. 2017ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಅದೇ ನೆಲೆಯದು. ಕಡಲಡಿಯಲ್ಲಿ ಬಿಸಿ ಮಾಡುವ ಹಲಗೆಗಳನ್ನಿಟ್ಟು ನೀರಿನ ಕಾವನ್ನು ಒಂದೇ ಒಂದು ಡಿಗ್ರಿ ಏರಿಸಿದರು. ಕೆಲವು ಪ್ರಾಣಿಗಳ ಬೆಳವಣಿಗೆ ಹೆಚ್ಚು ಕಡಿಮೆ ಇಮ್ಮಡಿಯಾಯಿತು. ಬೆಳೆದು ಮುಚ್ಚಿದ್ದು ಮುಖ್ಯವಾಗಿ ಅದೇ ಬ್ರಯೋಜೋವ. ಉಳಿದವಕ್ಕೆ ಕುಳಿತುಕೊಳ್ಳಲು ಜಾಗವಿಲ್ಲ.

ಅಜ್ಜ ನ್ಯಾಯಸ್ಥರು, ಎದುರು ಸಾಕ್ಷಿಯನ್ನೂ ಮುಂದಿಟ್ಟರು. ಲಾರ್ಸೆನ್ ಎಂಬ ಹಿಮದ ಚಾವಣಿಯ ಒಂದು ಭಾಗ 1995ರಲ್ಲಿ ಕುಸಿಯಿತು. 2002ರಲ್ಲಿ ಅದರ ನೆರೆಯ ಭಾಗ ಸುಮಾರು 35 ದಿನಗಳಲ್ಲಿ ಚೂರಾಯಿತು: 3,250 ಚದರ ಕಿಲೋಮೀಟರ್, ಎಂದರೆ ನಮ್ಮ ತಿರುವನಂತಪುರ ಜಿಲ್ಲೆಯ ಒಂದೂವರೆ ಪಾಲು. ಮೊದಲು ಕುಸಿದ ಜಾಗದಲ್ಲಿ ಕತ್ತಲೆಯಲ್ಲಿದ್ದ ನೆಲಕ್ಕೆ ಬೆಳಕಿನ ನೀರಿನ ಆಹಾರ ಇಳಿಯತೊಡಗಿತು. 2007ರಲ್ಲಿಯೂ 2011ರಲ್ಲಿಯೂ ಅಲ್ಲಿಗೆ ಹೋಗಿ ನೋಡಿದ ಜರ್ಮನ್ ಹಡಗಿನವರಿಗೆ ಗಾಜಿನ ಸ್ಪಂಜುಗಳ ಸಂಖ್ಯೆ ಇಮ್ಮಡಿಯಾಗಿ, ತೂಕ ಮುಮ್ಮಡಿಯಾಗಿ ಕಂಡಿತು! ನಿಧಾನವೇ ಅವುಗಳ ಹುಟ್ಟುಗುಣವೆಂದು ನಂಬಿದ್ದ ವಿಜ್ಞಾನಿಗಳು ತಬ್ಬಿಬ್ಬಾದರು. "ಆದ್ದರಿಂದ ಎಲ್ಲ ಹಾಳು ಎಂದು ಹಾಡುವುದೂ ಬೇಡ" ಎಂದರು ಅಜ್ಜ. "ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಹೆಸರು ಹಿಡಿದು ಕೇಳಬೇಕು. ಬೇಗ ಬೆಳೆಯುವವನಿಗೆ ಲಾಭ. ತಡವಾಗಿ ಮರಿಹಾಕುವವನಿಗೆ ನಷ್ಟ. ಅದು ಅಲ್ಲಿಯೂ ಸರಿ, ಇಲ್ಲಿಯೂ ಸರಿ."

ಇಲ್ಲಿಯ ಲೆಕ್ಕ ಹೀಗೆ. ಕೊಚ್ಚಿಯ ಎದುರಿನ ಕೆಸರುನೆಲದ ಹುಳು, ಮಳಿ, ಸಿಗಡಿಗಳಿಗೆ ಬೆಚ್ಚನೆಯ ನೀರಿನ ವರವಿದೆ; ಬಿಡುವು ಕೊಟ್ಟರೆ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ. ಕೇರಳದಲ್ಲಿ 1988ರಿಂದ ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧ ಇರುವುದು ಆ ಬಿಡುವಿಗಾಗಿ. 2018ರಿಂದ ಅದು ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. (ನಮ್ಮ ಕರ್ನಾಟಕದ ತೀರದಲ್ಲಿ ಜೂನ್ 1ರಿಂದ 61 ದಿನ.) ಇದು ಬೋಟುಗಳ ಆಳುಗಳಿಗೆ ಪುಕ್ಕಟೆ ರೇಷನ್ ಕೊಡುವ ಕಾಲವೆಂದಷ್ಟೇ ನಾವು ಇದುವರೆಗೆ ತಿಳಿದಿದ್ದದ್ದು. ಆದರೆ ಪಾರಿನ ಬಂಡೆಗೆ ಅಂಟಿದ ಸ್ಪಂಜು, ಹವಳ, ಕಡಲಬೀಸಣಿಗೆ 52 ದಿನಗಳ ಲೆಕ್ಕದವಲ್ಲ. ಅವು ವರ್ಷಗಳ ಲೆಕ್ಕದವು. ಮೇಲೆ ಮಣ್ಣು ಕೂತರೆ, ಬಲೆ ಹಾದರೆ, ನೀರು ಕಾದರೆ, ಹಿಂದೆಗೆದುಕೊಳ್ಳಲು ಅವಕ್ಕೆ ಕಾಲಿಲ್ಲ. ಆ ಮೇ ತಿಂಗಳಲ್ಲೇ ಕೊಚ್ಚಿಯ ಮೀನುಗಾರಿಕಾ ಸಂಸ್ಥೆಯವರು ಲಕ್ಷದ್ವೀಪದಿಂದ ಇನ್ನೊಂದು ಸುದ್ದಿ ಕೊಟ್ಟಿದ್ದರು: 2023ರ ಅಕ್ಟೋಬರ್ ಕೊನೆಯಿಂದ ಹಿಡಿದ ಕಡಲಿನ ಕಾವಿಗೆ ಅಲ್ಲಿಯ ಹವಳಗಳು ಬಹುಪಾಲು ಬಿಳಿಚಿಕೊಂಡಿವೆ. ಬೋಳ್ಗಾಟ್ಟಿಯಲ್ಲಿ ಹಿಮಖಂಡದ ಚರ್ಚೆ, ಅದೇ ಊರಿನ ಇನ್ನೊಂದು ಕಟ್ಟಡದಲ್ಲಿ ಬೆಂದ ಹವಳದ ವರದಿ. ಪತ್ರಿಕೆಯವರು ಎರಡನ್ನೂ ಬೇರೆ ಬೇರೆ ಪುಟದಲ್ಲಿ ಹಾಕಿದ್ದರು. ಅಜ್ಜ ತಮ್ಮ ಪುಸ್ತಕದಲ್ಲಿ ಎದುರುಬದುರು ಅಂಟಿಸಿದ್ದರು.

ಭಾನುವಾರ ಹಿಂತಿರುಗಿದೆವು. ರೈಲಿನಲ್ಲಿ ಮಗಳು ನಿದ್ರೆ ಹೋದಳು. ಚೇಚ್ಚಿಗೆ ಇದನ್ನೆಲ್ಲ ಹೇಗೆ ಹೇಳುವುದೆಂದು ನಾವಿಬ್ಬರೂ ಕಾಯಂಕುಳದಿಂದ ಕೊಲ್ಲಂವರೆಗೆ ಆಲೋಚಿಸಿದೆವು. ಮನೆಯವರು ಹೇಳಿದರು, "ಉತ್ತರ ಹೇಳಬೇಡಿ. ಅವರಿಗೆ ಗೊತ್ತಿರುವುದನ್ನೇ ಕೇಳಿಕೊಂಡು ಬರೆದಿಡಿ." ಮುಂದಿನ ವಾರ ಹಾಗೆಯೇ ಮಾಡಿದೆವು. ಚೇಚ್ಚಿಯ ಮಗ ಒಂದು ಸಂಜೆ ಬಂದು, ತಾನು ಬಲ್ಲ ಪಾರುಗಳ ಹೆಸರು, ಯಾವುದರ ಮೇಲೆ ಈಗ ಕಲ್ಲು ಸಿಗುತ್ತದೆ, ಯಾವುದರ ಮೇಲೆ ಗುಂಡು ಬಿಟ್ಟರೆ ಕೆಸರು ಹತ್ತುತ್ತದೆ ಎಂದು ಹೇಳಿದ. ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆವು. ಅದರ ಒಂದು ಪ್ರತಿ ಅಜ್ಜನ ಪುಸ್ತಕಕ್ಕೆ ಹೋಗಿದೆ.

ಆಮೇಲೆ ಒಂದು ವರ್ಷದಲ್ಲಿ ಎರಡು ಸಂಗತಿಗಳಾದವು. 2025ರ ಜನವರಿ 13ರಂದು ಅಂಟಾರ್ಟಿಕದಲ್ಲಿ ಸುಮಾರು 510 ಚದರ ಕಿಲೋಮೀಟರಿನ ಎ-84 ಎಂಬ ಹಿಮಬಂಡೆ ಕಳಚಿಕೊಂಡಿತು. ಹತ್ತಿರದಲ್ಲೇ ಇದ್ದ 'ಫಾಲ್ಕರ್ ಟೂ' ಎಂಬ ಸಂಶೋಧನಾ ಹಡಗು ಹನ್ನೆರಡೇ ದಿನಗಳಲ್ಲಿ ಆ ಜಾಗಕ್ಕೆ ಹೋಗಿ, ಯಂತ್ರದ ಕಣ್ಣನ್ನು ಕೆಳಗಿಳಿಸಿತು. ಯಾರೂ ನೋಡದ ಆ ನೆಲದಲ್ಲಿ ದೊಡ್ಡ ದೊಡ್ಡ ಹವಳ, ಸ್ಪಂಜು, ಹಿಮಮೀನು, ಅಷ್ಟಪದಿ! ದಶಕಗಳಿಂದ, ಬಹುಶಃ ಶತಮಾನಗಳಿಂದ, ಹಿಮದ ಚಾವಣಿಯ ಕೆಳಗೆ ಒಕ್ಕಲಿದ್ದವು. ಅಜ್ಜ ಪತ್ರಿಕೆಯ ತುಣುಕನ್ನು ಅಂಚೆಯಲ್ಲಿ ಕಳಿಸಿ, ಅಂಚಿನಲ್ಲಿ, "ಈಗ ಚಾವಣಿ ಹೋಯಿತು, ಇವರ ಮುಂದಿನ ಗತಿ ನೋಡಬೇಕು" ಎಂದು ಬರೆದಿದ್ದರು.

ಎರಡನೆಯದು ನಮ್ಮದೇ ಅಂಗಳದಲ್ಲಿ. ನಾವು ದಕ್ಕೆಯ ರಾಶಿ ನೋಡಿ ಸರಿಯಾಗಿ ಒಂದು ವರ್ಷಕ್ಕೆ, 2025ರ ಮೇ 25ರಂದು, ವಿಳಿಞ್ಞದಿಂದ ಕೊಚ್ಚಿಗೆ ಹೊರಟಿದ್ದ ಎಂ.ಎಸ್.ಸಿ. ಎಲ್ಸಾ-3 ಎಂಬ ಹಡಗು 640 ಪೆಟ್ಟಿಗೆಗಳೊಡನೆ ಕಡಲಡಿಗೆ ಹೋಯಿತು. ಹಡಗಿನ 24 ಜನರೂ ಬದುಕಿದರು, ಅದು ದೇವರ ದಯೆ. ದಿನಗಳಲ್ಲೇ ತಿರುವನಂತಪುರದ ತೀರದಲ್ಲಿ ಸಾಬಕ್ಕಿಯಂತಹ ಬಿಳಿಯ ಪ್ಲಾಸ್ಟಿಕ್ ಕಾಳುಗಳು ಬಂದು ಬಿದ್ದವು. ದಡಕ್ಕೆ ಬಂದದ್ದನ್ನು ಜನ ಗುಡಿಸಿದರು. ತಳದಲ್ಲಿ ಕೂತದ್ದನ್ನು ಗುಡಿಸುವವರು ಯಾರು?

ಆ ದಿನಗಳಲ್ಲಿ ಬೀದಿಯಲ್ಲಿ ಮೀನು ಕೊಳ್ಳಲು ಎಲ್ಲರಿಗೂ ಹೆದರಿಕೆ. ಚೇಚ್ಚಿ ಹತ್ತು ಹನ್ನೆರಡು ದಿನ ಬರಲಿಲ್ಲ. ಬಂದ ದಿನ ಬೋಗುಣಿಯಲ್ಲಿ ಬಂಗುಡೆ ಇತ್ತು, ಗಾಳದ ಮೀನು ಇರಲಿಲ್ಲ. ಮನೆಯವರು ಒಂದು ಕಿಲೋ ಸಾಕೆಂದು ಒಳಗೆ ಹೋದವರು ಹೊರಗೆ ಬಂದು ಎರಡು ಕಿಲೋ ಎಂದರು. ತೂಕ ಹಾಕುತ್ತಾ ಚೇಚ್ಚಿ ನಮ್ಮನ್ನು ಕೇಳಿದರು, "ನಮ್ಮ ಪಾರಿಗೆ ಎಷ್ಟು ಕಾಲ ಬೇಕಂತೆ ಸಾರ್?"

ವರ್ಷಗಳು ಬೇಕು, ಮಣ್ಣು ಬೀಳದಿದ್ದರೆ, ಎಂದೆವು. ಅವರು ತಲೆಯಾಡಿಸಿದರು, ಹೊಸದೇನನ್ನೂ ಕೇಳಿದವರಂತಲ್ಲ. ಮೆಟ್ಟಿಲಿನ ಮೇಲೆ ಕುಳಿತಿದ್ದ ಮಗಳು ಅಷ್ಟರಲ್ಲಿ ತನ್ನ ಐದು ಕೈಯ ಪ್ರಾಣಿಯ ಕಥೆಯನ್ನು ನೂರನೆಯ ಸಲ ಶುರುಮಾಡಿದ್ದಳು. ಚೇಚ್ಚಿ ತಕ್ಕಡಿ ಹಿಡಿದೇ ಪೂರ್ತಿ ಕೇಳಿದರು.

"ನೀರಿಗೇ ಬಿಟ್ಟೆಯಲ್ಲ ಮೋಳೆ?"

"ಹೌದು, ದಕ್ಕೆಯಿಂದಲೇ."

"ಒಳ್ಳೆಯದಾಯಿತು" ಎಂದು ಇನ್ನೊಂದು ಬಂಗುಡೆಯನ್ನು ತೂಕದ ಮೇಲೆ ಹಾಕಿ, ಬೋಗುಣಿಯನ್ನು ತಲೆಗೇರಿಸಿಕೊಂಡು, ತೋಡಿನ ದಾರಿ ಹಿಡಿದು ಹೋದರು.